ಡಿಸ್ಕ್ ಹೇಳುವ ಅರ್ಧಸತ್ಯ

'ಲ್ಯಾಪ್‌ಟಾಪ್ ತುಂಬಾ ಸ್ಲೋ ಆಗಿದೆ ಮಾರಾಯ್ರೆ, ಹಾರ್ಡ್ ಡಿಸ್ಕ್ ಹೋಯಿತಾ?' ಡೊಂಬಿವಲಿಯಿಂದ, ಮೀರಾ ರೋಡಿನಿಂದ, ಮುಲುಂಡಿನಿಂದ ವರ್ಷವಿಡೀ ಬರುವ ಪ್ರಶ್ನೆ ಇದು. ಮಳೆಗಾಲದಲ್ಲಿ ಸ್ವಲ್ಪ ಜಾಸ್ತಿ. ಕೇಳುವವರಲ್ಲಿ ಅನೇಕರ ಬಳಿ ಇರುವುದು ಲಾಕ್‌ಡೌನಿನ ಆಸುಪಾಸಿನಲ್ಲಿ ಮಕ್ಕಳ ಆನ್‌ಲೈನ್ ಕ್ಲಾಸಿಗೆಂದು ಅವಸರದಲ್ಲಿ ತಂದ ಯಂತ್ರ, ಇಲ್ಲವೇ ಅದಕ್ಕಿಂತಲೂ ಹಳೆಯದು. ಆ ಕಾಲದ ಅಗ್ಗದ ಲ್ಯಾಪ್‌ಟಾಪುಗಳಲ್ಲಿ ನಿಮಿಷಕ್ಕೆ 5400 ಸುತ್ತು ತಿರುಗುವ, ಒಂದು ಟಿಬಿಯ ಹಾರ್ಡ್ ಡಿಸ್ಕ್ ಮಾಮೂಲು. ಮಕ್ಕಳು ಕಾಲೇಜು ಸೇರಿ ಹೊಸದು ಕೊಂಡಿದ್ದಾರೆ, ಹಳೆಯದು ಅಪ್ಪ ಅಮ್ಮನ ಪಾಲಿಗೆ ಬಂದಿದೆ. ಮನೆಯ ಫೋಟೋ, ತೆರಿಗೆಯ ಕಾಗದ, ಸೊಸೈಟಿಯ ಲೆಕ್ಕ ಎಲ್ಲವೂ ಅದರಲ್ಲೇ.

ಉತ್ತರ ಹೇಳುವ ಮೊದಲು ಒಂದು ಮಾತು. ಹಾರ್ಡ್ ಡಿಸ್ಕ್ ಹಾಳಾಗುತ್ತಿದೆಯೇ ಎಂದು ನೋಡಲು ಪರೀಕ್ಷೆಗಳು ಬೇಕಾದಷ್ಟಿವೆ, ಹೆಚ್ಚಿನವು ಪುಕ್ಕಟೆ. ಆದರೆ 'ಕೆಟ್ಟಿದೆ' ಎಂದು ಪರೀಕ್ಷೆ ಹೇಳಿದರೆ ನಂಬಬಹುದು, 'ಚೆನ್ನಾಗಿದೆ' ಎಂದರೆ ನಂಬುವಂತಿಲ್ಲ. ಇದನ್ನು ಒಪ್ಪಿಕೊಂಡರೆ ಮುಂದೆ ಮಾಡಬೇಕಾದ ಕೆಲಸಗಳ ಕ್ರಮವೇ ಬದಲಾಗುತ್ತದೆ.

ಮೊದಲಿಗೆ ಈ 'ಸ್ಲೋ' ಎನ್ನುವುದನ್ನೇ ಸ್ವಲ್ಪ ಬಿಡಿಸಿ ನೋಡೋಣ. ಆನ್ ಮಾಡಿದಾಗಿನಿಂದ ಆಫ್ ಮಾಡುವವರೆಗೆ ಎಲ್ಲವೂ ಒಂದೇ ಸಮನೆ ಆಮೆ ನಡಿಗೆಯಲ್ಲಿ ಸಾಗುತ್ತಿದ್ದರೆ ಡಿಸ್ಕಿನ ಮೇಲೆ ತಕ್ಷಣ ಗೂಬೆ ಕೂರಿಸಬೇಡಿ. 4 ಜಿಬಿ ರ್‍ಯಾಮ್ ಇಟ್ಟುಕೊಂಡು ಇವತ್ತಿನ ಬ್ರೌಸರಿನಲ್ಲಿ ಹತ್ತು ಟ್ಯಾಬ್ ತೆರೆದರೆ ಯಾವ ಡಿಸ್ಕೂ ಏದುಸಿರು ಬಿಡುತ್ತದೆ. ಒಂದರ ಮೇಲೊಂದು ಎರಡು ಆಂಟಿವೈರಸ್ ಹಾಕಿಕೊಂಡವರೂ ಇದ್ದಾರೆ. ಡಿಸ್ಕ್ ಸಾಯುವಾಗಿನ ನಿಧಾನದ ಬಗೆಯೇ ಬೇರೆ. ಮುಲುಂಡಿನ ಒಂದು ಮನೆಯಲ್ಲಿ ಹಳೆಯ ತಾಳಮದ್ದಳೆಯ ಧ್ವನಿಮುದ್ರಣಗಳನ್ನು ಪೆನ್‌ಡ್ರೈವಿಗೆ ಹಾಕುವಾಗ ನಾನು ಪಕ್ಕದಲ್ಲೇ ಕುಳಿತಿದ್ದೆ. ಕಾಪಿ ಸರಾಗವಾಗಿ ಹೋಗುತ್ತಿತ್ತು. ಒಂದು ಫೈಲಿನ ನಡುವೆ ಗಕ್ಕನೆ ನಿಂತಿತು. ಡಿಸ್ಕಿನ ಪುಟ್ಟ ದೀಪ ಮಿನುಗುವುದು ಬಿಟ್ಟು ಉರಿಯುತ್ತಲೇ ಉಳಿಯಿತು. ಮೌಸಿನ ಬಾಣ ಓಡಾಡುತ್ತದೆ, ಒತ್ತಿದರೆ ಕೇಳುವವರಿಲ್ಲ. ಸ್ವಲ್ಪ ಹೊತ್ತಿಗೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಟಿತು. ಕಾಪಿ ರದ್ದು ಮಾಡಿ ಇನ್ನೊಮ್ಮೆ ಹಚ್ಚಿದರೆ ಅದೇ ಪ್ರಸಂಗ, ಅದೇ ಫೈಲು, ಅದೇ ಜಾಗ. ನೋಡಬೇಕಾದದ್ದು ಇದನ್ನೇ: ನಿಲ್ಲುವುದಕ್ಕಿಂತ, ಪ್ರತಿಸಲ ಅಲ್ಲೇ ನಿಲ್ಲುವುದು.

ಹೀಗೇಕೆ ಎಂದರೆ, ಡಿಸ್ಕಿನ ಒಳಗಿನ ತಟ್ಟೆಯ ಮೇಲೆ ಮಾಹಿತಿಯನ್ನು ಸೆಕ್ಟರ್ ಎಂಬ ಚಿಕ್ಕಚಿಕ್ಕ ತುಂಡುಗಳಲ್ಲಿ ಬರೆದಿರುತ್ತಾರೆ. ಹಿಂದೆ ಒಂದೊಂದು ಸೆಕ್ಟರಿಗೆ 512 ಬೈಟ್ ಇತ್ತು, ಈಗ 4096. ಓದುವ ಹೆಡ್ಡು ತಟ್ಟೆಗೆ ತಾಗದೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ; ತಲೆಕೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್ ಎಂದರೆ ಅಂದಾಜು ಸಿಗಬಹುದು. ತಟ್ಟೆಯ ಒಂದು ಜಾಗ ದುರ್ಬಲವಾದಾಗ ಅಲ್ಲಿನ ಸೆಕ್ಟರ್ ಒಂದೇ ಸಲಕ್ಕೆ ಓದಲು ಬರುವುದಿಲ್ಲ. ಡಿಸ್ಕ್ ಸುಮ್ಮನೆ ಸೋಲೊಪ್ಪಿಕೊಳ್ಳುವುದಿಲ್ಲ. ಹೆಡ್ಡನ್ನು ತುಸುವೇ ತುಸು ಅತ್ತಿತ್ತ ಸರಿಸಿ ಮತ್ತೆ ಮತ್ತೆ ಓದುತ್ತದೆ. ಆ ಜಗ್ಗಾಟ ಮುಗಿಯುವವರೆಗೆ ವಿಂಡೋಸ್ ಕೈಕಟ್ಟಿ ಕಾಯಬೇಕು. ನಮಗೆ ಅದು 'ಹ್ಯಾಂಗ್ ಆಯಿತು' ಎಂದು ಕಾಣುತ್ತದೆ.

ಇದನ್ನು ಕಣ್ಣಾರೆ ಕಾಣಲು ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ವಿಭಾಗದಲ್ಲಿ ಡಿಸ್ಕ್ ಮೇಲೆ ಒತ್ತಿ. 'ಡಿಸ್ಕ್ 100 ಪರ್ಸೆಂಟ್' ಎಂದು ಬರೆದು ಕಳಿಸುವವರು ಬಹಳ ಮಂದಿ. ಆ ಅಂಕಿಯೊಂದರಿಂದ ಏನೂ ತಿಳಿಯುವುದಿಲ್ಲ. ಅದರ ಕೆಳಗೆ ಓದುವ ವೇಗ ಮತ್ತು ಸರಾಸರಿ ಪ್ರತಿಕ್ರಿಯೆಯ ಸಮಯ ಇರುತ್ತವೆ, ಮೂರನ್ನೂ ಒಟ್ಟಿಗೆ ನೋಡಬೇಕು. 100 ಪರ್ಸೆಂಟ್ ಇದ್ದು ಸೆಕೆಂಡಿಗೆ ಹತ್ತಾರು ಎಂಬಿ ಓಡುತ್ತಿದ್ದರೆ ಡಿಸ್ಕ್ ದುಡಿಯುತ್ತಿದೆ, ಅಷ್ಟೆ. 100 ಪರ್ಸೆಂಟ್ ಇದ್ದೂ ಓದು ಬರೀ ಕೆಬಿಗಳಲ್ಲಿ ತೆವಳುತ್ತ, ಪ್ರತಿಕ್ರಿಯೆಯ ಸಮಯ ಸಾವಿರಾರು ಮಿಲಿಸೆಕೆಂಡಿಗೆ ಪದೇಪದೇ ಜಿಗಿಯುತ್ತಿದ್ದರೆ, ಡಿಸ್ಕ್ ಎಲ್ಲೋ ಸಿಕ್ಕಿಹಾಕಿಕೊಂಡಿದೆ ಎಂಬ ಗುಮಾನಿಗೆ ಬಲ ಬಂತು. ಇವೆಂಟ್ ವ್ಯೂವರ್ ಎಂಬ ದಿನಚರಿಯಲ್ಲಿ 'ಡಿಸ್ಕ್' ಹೆಸರಿನಡಿ 7ನೇ ನಂಬರಿನ ದೂರು ಸಿಕ್ಕಿದರೆ ಗುಮಾನಿಯ ಮಾತೇ ಇಲ್ಲ; ಬ್ಯಾಡ್ ಬ್ಲಾಕ್ ಇದೆ ಎಂದು ವಿಂಡೋಸ್ ತಾನೇ ಬರೆದಿಟ್ಟಿದೆ.

ಸದ್ದಿನ ಬಗ್ಗೆಯೂ ಕೇಳುತ್ತಾರೆ. ಲ್ಯಾಪ್‌ಟಾಪ್ ಸುಮ್ಮನೆ ಕುಳಿತಾಗ ಆಗೊಮ್ಮೆ ಈಗೊಮ್ಮೆ 'ಟಿಕ್' ಎಂದರೆ ಗಾಬರಿ ಬೇಡ, ಹೆಡ್ಡು ತನ್ನ ತಾಣಕ್ಕೆ ಹೋಗಿ ಕೂರುವ ಸದ್ದು ಅದು. ಆನ್ ಮಾಡಿದ ಕೂಡಲೇ 'ಟಕ್... ಟಕ್... ಟಕ್' ಎಂದು ತಾಳ ಹಾಕಿದಂತೆ ಬಡಿದುಕೊಂಡು, ಕೊನೆಗೆ ಡಿಸ್ಕ್ ಕಾಣಿಸುತ್ತಿಲ್ಲ ಎಂಬ ಸಂದೇಶ ಬಂದರೆ ಹೆಡ್ಡು ದಾರಿ ತಪ್ಪಿದೆ ಎಂದರ್ಥ. ಆಗ ಇನ್ನೊಮ್ಮೆ ಆನ್ ಮಾಡಿ ನೋಡುವ ಆಸೆಯನ್ನು ಅದುಮಿಟ್ಟುಕೊಳ್ಳಿ. ಆದರೆ ಎಷ್ಟೋ ಡಿಸ್ಕುಗಳು ಒಂದು ಸದ್ದನ್ನೂ ಮಾಡದೆ ಹೋಗುತ್ತವೆ. ಕಿವಿಯ ಮೇಲೆ ನನಗೆ ಅಷ್ಟಾಗಿ ಭರವಸೆ ಇಲ್ಲ.

ಭರವಸೆ ಇಡಬಹುದಾದ ಸಾಕ್ಷಿ ಡಿಸ್ಕಿನ ಒಳಗೇ ಇದೆ. ಪ್ರತಿ ಡಿಸ್ಕೂ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದುಕೊಳ್ಳುತ್ತದೆ, ಅದಕ್ಕೆ ಸ್ಮಾರ್ಟ್ ಎಂದು ಹೆಸರು. ಓದಲು ಜಪಾನಿನ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಸಾಕು. ತೆರೆದರೆ ನೀಲಿ, ಹಳದಿ, ಕೆಂಪು ಬಣ್ಣದ ಒಂದು ಚೌಕ, ಕೆಳಗೆ ಉದ್ದದ ಪಟ್ಟಿ. ಎಲ್ಲವನ್ನೂ ಓದಲು ಹೋದರೆ ತಲೆ ಕೆಡುತ್ತದೆ. 05, ಸಿ5, ಸಿ6 ಎಂಬ ಮೂರು ಸಾಲುಗಳ ಬಲತುದಿಯಲ್ಲಿ 'ರಾ' ಅಂಕಿ ಇರುತ್ತದೆ, ಅಷ್ಟನ್ನು ನೋಡಿ. ಅಲ್ಲೊಂದು ಸಣ್ಣ ತೊಡಕಿದೆ: ಅಂಕಿಗಳು ಹದಿನಾರರ ಲೆಕ್ಕದಲ್ಲಿರುತ್ತವೆ. ಸಾಲು ಸೊನ್ನೆಗಳ ಕೊನೆಯಲ್ಲಿ 'ಎ8' ಎಂದಿದ್ದರೆ ಅದು ನಮ್ಮ ಲೆಕ್ಕದ 168. ಸೆಟ್ಟಿಂಗಿನಲ್ಲಿ ಹತ್ತರ ಲೆಕ್ಕಕ್ಕೆ ಬದಲಿಸಿಕೊಳ್ಳಬಹುದು.

ಸಿ6 ಎಂದರೆ ಡಿಸ್ಕಿನ ಸ್ವಂತ ತಪಾಸಣೆಯಲ್ಲಿ ಓದಲಾಗದೆ ಹೋದ ಸೆಕ್ಟರುಗಳು; ಸಿ5 ಎಂದರೆ ಓದಲಾಗದೆ ತೀರ್ಪಿಗಾಗಿ ಕಾದಿರುವ ಸೆಕ್ಟರುಗಳು. ಅಲ್ಲಿ ಮತ್ತೆ ಬರೆಯುವ ಪ್ರಸಂಗ ಬಂದಾಗ ಡಿಸ್ಕ್ ಪರೀಕ್ಷಿಸಿ, ಜಾಗ ನಿಜಕ್ಕೂ ಕೆಟ್ಟಿದ್ದರೆ ಬದಲಿಗೆ ಮೀಸಲು ಸೆಕ್ಟರೊಂದನ್ನು ಕೊಡುತ್ತದೆ. ಹಾಗೆ ಸ್ಥಳಾಂತರವಾದವುಗಳ ಲೆಕ್ಕ 05. ಮುಂಬೈಯವರಿಗೆ ಇದನ್ನು ವಿವರಿಸುವುದು ಸುಲಭ. ಹಳೆಯ ಚಾಳು ಅಪಾಯಕಾರಿ ಎಂದು ಮ್ಹಾಡಾ ನೋಟೀಸು ಹಚ್ಚಿ ಬಾಡಿಗೆದಾರರನ್ನು ಟ್ರಾನ್ಸಿಟ್ ಕ್ಯಾಂಪಿಗೆ ಕಳಿಸಿದರೂ ಅವರ ಕಾಗದಪತ್ರಗಳಲ್ಲಿ ಹಳೆಯ ಖೋಲಿಯ ನಂಬರೇ ಮುಂದುವರಿಯುತ್ತದಲ್ಲ, ಹಾಗೆಯೇ ವಿಂಡೋಸ್ ಹಳೆಯ ವಿಳಾಸವನ್ನೇ ಹೇಳುತ್ತದೆ, ಡಿಸ್ಕ್ ಗುಟ್ಟಾಗಿ ಹೊಸ ಜಾಗಕ್ಕೆ ಕರೆದೊಯ್ಯುತ್ತದೆ. 05ರಲ್ಲಿ ಒಂದೆರಡು ಇದ್ದು ತಿಂಗಳುಗಟ್ಟಲೆ ಅಷ್ಟೇ ಉಳಿದರೆ ಡಿಸ್ಕ್ ಇನ್ನೂ ಬಹಳ ಕಾಲ ನಡೆಯಬಹುದು. ವಾರದಿಂದ ವಾರಕ್ಕೆ ಏರುತ್ತಿದ್ದರೆ ಕಟ್ಟಡ ಬಿರುಕು ಬಿಡುತ್ತಿದೆ. ಹಾಗಾಗಿ ಒಮ್ಮೆ ನೋಡಿ ಸುಮ್ಮನಾಗಬೇಡಿ. ಅಂಕಿ ಬರೆದಿಟ್ಟು ಎಂಟು ದಿನ ಬಿಟ್ಟು ಮತ್ತೆ ನೋಡಿ.

ಅಂಗಡಿಯವರು ಮಾಡುವ ಒಂದು ಚಮತ್ಕಾರ ಈಗ ಅರ್ಥವಾದೀತು. 'ಫಾರ್ಮ್ಯಾಟ್ ಮಾರ್ ದಿಯಾ, ಅಬ್ ಏಕ್‌ದಮ್ ಮಖ್ಖನ್' ಎಂದು ಲ್ಯಾಪ್‌ಟಾಪ್ ವಾಪಸು ಕೊಡುತ್ತಾರೆ, ನಿಜಕ್ಕೂ ಅದು ಕೆಲವು ವಾರ ಚೆನ್ನಾಗಿ ಓಡುತ್ತದೆ. ಪೂರ್ಣ ಫಾರ್ಮ್ಯಾಟ್ ಮಾಡಿದಾಗ ಎಲ್ಲ ಸೆಕ್ಟರುಗಳ ಮೇಲೂ ಹೊಸದಾಗಿ ಬರೆದಂತಾಗುತ್ತದೆ; ಕಾದಿದ್ದ ಪ್ರಕರಣಗಳೆಲ್ಲ ಇತ್ಯರ್ಥವಾಗಿ ಸಿ5 ಸೊನ್ನೆಗೆ ಇಳಿಯುತ್ತದೆ. ತಟ್ಟೆ ಮಾತ್ರ ಅದೇ ಹಳೆಯ ತಟ್ಟೆ. ನಿಮ್ಮ ಫೈಲುಗಳು ಹೋದದ್ದು ಲಾಭಾಂಶ.

ಅದೇ ಪಟ್ಟಿಯಲ್ಲಿ ಸಿ7 ಎಂಬ ಇನ್ನೊಂದು ಸಾಲೂ ಇದೆ. ಇದು ಏರುತ್ತಿದ್ದರೆ ಸಾಮಾನ್ಯವಾಗಿ ತಪ್ಪು ಡಿಸ್ಕಿನದಲ್ಲ, ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವಿನ ಸಂಪರ್ಕದ್ದು. ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಅದು ಕಾಗದದಷ್ಟು ತೆಳ್ಳಗಿನ ಒಂದು ಪಟ್ಟಿ. ಸಮುದ್ರದ ಗಾಳಿ, ನಾಲ್ಕು ತಿಂಗಳ ಮಳೆ, ಗೋಡೆಗೇ ಬೂಷ್ಟು ಹಿಡಿಯುವ ಊರು ಇದು. ಲೋಹದ ಸಂಪರ್ಕಗಳ ಮೇಲೆ ಕಿಲುಬು ಕೂತರೆ ಆಶ್ಚರ್ಯವೇನಿಲ್ಲ. ಆ ಪಟ್ಟಿಯನ್ನು ಬಿಚ್ಚಿ, ಒರೆಸಿ, ಕೂರಿಸಿದರೆ ಅಥವಾ ಬದಲಿಸಿದರೆ ಮುಗಿಯುವ ಕೆಲಸಕ್ಕೆ ಡಿಸ್ಕನ್ನೇ ಎಸೆಯುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಹಳೆಯ ಸಿ7 ಅಂಕಿ ಹಾಗೇ ಉಳಿಯುತ್ತದೆ, ಅದು ಕೆಳಗಿಳಿಯುವುದಿಲ್ಲ. ಇನ್ನು ಮುಂದೆ ಏರುವುದೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ.

ಈಗ ಅರ್ಧಸತ್ಯಕ್ಕೆ ಬರುತ್ತೇನೆ. ಚೌಕ ನೀಲಿ ಇದೆ, ಮೂರೂ ಸಾಲು ಸೊನ್ನೆ. ನೆಮ್ಮದಿಯೇ? 2007ರಲ್ಲಿ ಗೂಗಲಿನ ಮೂವರು ಎಂಜಿನಿಯರುಗಳು ತಮ್ಮ ಕಂಪನಿಯ ಒಂದು ಲಕ್ಷಕ್ಕೂ ಮಿಕ್ಕ ಡಿಸ್ಕುಗಳ ಹುಟ್ಟುಸಾವಿನ ಲೆಕ್ಕ ಪ್ರಕಟಿಸಿದರು. ಡಿಸ್ಕಿನ ಮೇಲ್ಮೈಯನ್ನು ಪರೀಕ್ಷಿಸುವಾಗ ಮೊದಲ ದೋಷ ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಸಾಯುವ ಸಂಭವ, ದೋಷ ಕಾಣದ ಡಿಸ್ಕಿಗಿಂತ 39 ಪಟ್ಟು ಹೆಚ್ಚು ಎಂದು ಅದರಲ್ಲಿದೆ. ಅಂದರೆ ಎಚ್ಚರಿಕೆ ಬಂದಾಗ ಅದನ್ನು ಗಂಭೀರವಾಗಿಯೇ ತೆಗೆದುಕೊಳ್ಳಬೇಕು. ಆದರೆ ಅದೇ ಲೆಕ್ಕದ ಇನ್ನೊಂದು ಮುಖ ಹೀಗಿದೆ: ಸತ್ತ ಡಿಸ್ಕುಗಳಲ್ಲಿ ನೂರಕ್ಕೆ 36ಕ್ಕೂ ಹೆಚ್ಚು, ತಾಪಮಾನವೊಂದನ್ನು ಬಿಟ್ಟರೆ ಯಾವ ಸಾಲಿನಲ್ಲೂ ಒಂದೇ ಒಂದು ಸೂಚನೆ ಕೊಡದೆ ಸತ್ತಿದ್ದವು. ಮೂರರಲ್ಲಿ ಒಂದಕ್ಕೂ ಹೆಚ್ಚು! ಸಾಲದ್ದಕ್ಕೆ, ವಿಂಡೋಸ್ ಕೊಡುವ 'ಓಕೆ' ಎಂಬ ಸರ್ಟಿಫಿಕೇಟು ಡಿಸ್ಕ್ ತಯಾರಕರೇ ಹಾಕಿಕೊಂಡ ಗೆರೆಯನ್ನು ಆಧರಿಸಿದ್ದು. ಆ ಗೆರೆ ಬಹಳ ಉದಾರವಾದದ್ದು. ನೂರಾರು ಸೆಕ್ಟರ್ ಹೋದ ಮೇಲೂ 'ಓಕೆ' ಎನ್ನುವ ಡಿಸ್ಕುಗಳನ್ನು ನಾನು ನೋಡಿದ್ದೇನೆ.

ಏಕಾಏಕಿ ಸಾಯುವುದಕ್ಕೆ ಈ ಊರಿನ ಬದುಕೂ ತನ್ನ ಪಾಲು ಸೇರಿಸುತ್ತದೆ. ಸಂಜೆ ಆರರ ವಿರಾರ್ ಲೋಕಲ್ ಹಿಡಿಯುವ ಅವಸರದಲ್ಲಿ ಮುಚ್ಚಳ ಮಡಚಿ ಬ್ಯಾಗಿಗೆ ತುರುಕಿದ ಲ್ಯಾಪ್‌ಟಾಪಿನ ಡಿಸ್ಕ್ ಇನ್ನೂ ತಿರುಗುತ್ತಿರಬಹುದು. ಸ್ಲೀಪಿಗೆ ಹೋಗದೆ ಬ್ಯಾಗಿನೊಳಗೇ ಎಚ್ಚರವಾಗಿದ್ದು ಬಿಸಿಯಾಗುವ ಯಂತ್ರಗಳೂ ಇವೆ. ದಾದರಿನಲ್ಲಿ ಒಳನುಗ್ಗುವ ಜನರ ನಡುವೆ ಎದೆಗವಚಿಕೊಂಡ ಬ್ಯಾಗಿಗೆ ಬೀಳುವ ಗುದ್ದು, ಸಾಮಾನಿನ ಕಂಬಿಯಿಂದ ಜಾರಿ ಬೀಳುವ ಬ್ಯಾಗು, ಇವು ನಿಂತ ಡಿಸ್ಕಿಗೆ ಅಷ್ಟು ಅಪಾಯವಲ್ಲ, ತಿರುಗುವ ಡಿಸ್ಕಿಗೆ ಮಾರಣಾಂತಿಕ. ಬೀಳುವುದನ್ನು ಗ್ರಹಿಸಿ ಹೆಡ್ಡನ್ನು ಪಕ್ಕಕ್ಕೆ ಸರಿಸುವ ಸಂವೇದಕ 2003ರಲ್ಲೇ ಐಬಿಎಂ ಥಿಂಕ್‌ಪ್ಯಾಡಿಗೆ ಬಂದಿತ್ತು, ಆದರೆ ಅಗ್ಗದ ಮಾಡೆಲ್‌ಗಳಲ್ಲಿ ಅದನ್ನು ನಿರೀಕ್ಷಿಸುವಂತಿಲ್ಲ. ರೈಲು ಹತ್ತುವುದಿದ್ದರೆ ಮುಚ್ಚಳ ಮಡಚುವುದರ ಬದಲು ಶಟ್‌ಡೌನ್ ಮಾಡಿ. ಬ್ಯಾಟರಿ ಸತ್ತ ಲ್ಯಾಪ್‌ಟಾಪನ್ನು ನೇರ ಪ್ಲಗ್ಗಿಗೆ ಹಾಕಿ ಬಳಸುವವರಿಗೂ ಒಂದು ಮಾತು: 2020ರ ಅಕ್ಟೋಬರ್ 12ರ ಬೆಳಿಗ್ಗೆ ಇಡೀ ಮುಂಬೈ ಕತ್ತಲಾಗಿ ಲೋಕಲ್ ರೈಲುಗಳೂ ನಿಂತವಲ್ಲ, ಅಂಥ ಗಳಿಗೆಯಲ್ಲಿ ಬರೆಯುತ್ತಿದ್ದ ಡಿಸ್ಕ್ ಅರ್ಧ ವಾಕ್ಯದಲ್ಲೇ ನಿಲ್ಲುತ್ತದೆ. ಕಲ್ಯಾಣ, ವಸಯಿ ಕಡೆಯವರಿಗೆ ಕರೆಂಟು ಹೋಗುವುದನ್ನು ನಾನು ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಅನುಮಾನ ಬಂದಾಗ ಏನು ಮಾಡಬೇಕು? ಮೊದಲು ನಕಲು, ಆಮೇಲೆ ಪರೀಕ್ಷೆ. ನಮ್ಮವರು ಇದನ್ನು ತಲೆಕೆಳಗು ಮಾಡುತ್ತಾರೆ. ಡಿಸ್ಕ್ ಸರಿಯಿಲ್ಲ ಎನ್ನಿಸಿದ ಕೂಡಲೇ ವಿಂಡೋಸಿನ ಚೆಕ್‌ಡಿಸ್ಕ್ ಓಡಿಸುತ್ತಾರೆ, ಗಂಟೆಗಟ್ಟಲೆ ಹಿಡಿಯುವ ಪೂರ್ಣ ಪರೀಕ್ಷೆಗೆ ಹಚ್ಚಿ ಮಲಗುತ್ತಾರೆ. ಅಂಥ ಪರೀಕ್ಷೆ ಪ್ರತಿಯೊಂದು ಸೆಕ್ಟರನ್ನೂ ಓದುತ್ತದೆ; ಅಷ್ಟು ಓದುವ ತ್ರಾಣ ಆ ಡಿಸ್ಕಿನಲ್ಲಿ ಉಳಿದಿದ್ದರೆ ಅದನ್ನು ನಿಮ್ಮ ಫೋಟೋಗಳನ್ನು ಹೊರತೆಗೆಯಲು ಬಳಸಬಾರದೇ? ಚೆಕ್‌ಡಿಸ್ಕ್ ಇನ್ನೂ ಒಂದು ಹೆಜ್ಜೆ ಮುಂದೆ. ಅದು ಡಿಸ್ಕನ್ನು ರಿಪೇರಿ ಮಾಡುವುದಿಲ್ಲ, ಫೈಲುಗಳ ಪಟ್ಟಿಯನ್ನು ಒಪ್ಪ ಮಾಡುತ್ತದೆ; ಒಪ್ಪ ಮಾಡುವ ಭರದಲ್ಲಿ ಓದಲಾಗದ ಫೈಲನ್ನು ಹೆಸರಿಲ್ಲದ ಚೂರುಗಳಾಗಿ ಬಿಡುವುದೂ ಉಂಟು.

ನಕಲು ಮಾಡುವಾಗಲೂ ಎಲ್ಲವನ್ನೂ ಒಟ್ಟಿಗೆ ಬಾಚಿ ಎಳೆಯಬೇಡಿ. ಮತ್ತೆಲ್ಲೂ ಸಿಗದ ಫೋಟೋ, ಬರಹ, ಧ್ವನಿ ಮೊದಲು. ಸಿನಿಮಾಗಳು ಕೊನೆಗೆ, ಅಥವಾ ಬೇಡವೇ ಬೇಡ. ನಿಲ್ಲುವ ಫೈಲನ್ನು ಬಿಟ್ಟು ಮುಂದೆ ಹೋಗಿ. ವಿಂಡೋಸಿನ ರೋಬೋಕಾಪಿ ಬಲ್ಲವರು ಒಂದು ಎಚ್ಚರ ವಹಿಸಬೇಕು. ಓದಲಾಗದ ಫೈಲು ಸಿಕ್ಕರೆ ಅದು ತಾನಾಗಿ 30 ಸೆಕೆಂಡಿಗೊಮ್ಮೆ, ಹತ್ತು ಲಕ್ಷ ಸಲ ಪ್ರಯತ್ನಿಸುವಂತೆ ಹೊಂದಿಸಿರುತ್ತಾರೆ. ಹೌದು, ಹತ್ತು ಲಕ್ಷ. ಅದನ್ನು ಒಂದಕ್ಕೆ ಇಳಿಸಿಕೊಳ್ಳಿ. ಲಿನಕ್ಸ್ ಗೊತ್ತಿರುವ ಹುಡುಗ ಮನೆಯಲ್ಲಿದ್ದರೆ ಡಿಡಿರೆಸ್ಕ್ಯೂ ಬಳಸಲಿ. ಅದು ಸುಲಭಕ್ಕೆ ಬರುವುದನ್ನೆಲ್ಲ ಮೊದಲು ಬಾಚಿಕೊಂಡು, ಹಠಮಾರಿ ಜಾಗಗಳಿಗೆ ಕೊನೆಯಲ್ಲಿ ಮರಳುತ್ತದೆ.

ಇಲ್ಲಿ ನನಗೆ ನಮ್ಮ ಸಂಘಸಂಸ್ಥೆಗಳ ಚಿಂತೆ. ಮಾಟುಂಗಾದ ಮೈಸೂರು ಅಸೋಸಿಯೇಶನ್ 1926ರಲ್ಲಿ ಹುಟ್ಟಿದ್ದು, ಕರ್ನಾಟಕ ಸಂಘ 1933ರಲ್ಲಿ. ಆ ಕಾಲದ ಮುಂಬೈ ಕನ್ನಡಿಗರ ಕಥೆ ಕಾಗದದ ಮೇಲಿತ್ತು, ಗೆದ್ದಲು ತಿನ್ನದಿದ್ದರೆ ಈಗಲೂ ಓದಬಹುದು. ಉಪನಗರಗಳಲ್ಲಿ ಆಮೇಲೆ ಹುಟ್ಟಿಕೊಂಡ ಸಣ್ಣ ಸಂಘಗಳದ್ದು ಹಾಗಲ್ಲ. ಸ್ಮರಣ ಸಂಚಿಕೆ, ಸದಸ್ಯರ ಪಟ್ಟಿ, ವಾರ್ಷಿಕೋತ್ಸವದ ವಿಡಿಯೋ ಎಲ್ಲವೂ ಕಾರ್ಯದರ್ಶಿಯ ಮನೆಯ ಒಂದೇ ಲ್ಯಾಪ್‌ಟಾಪಿನಲ್ಲಿ, ಪೇಜ್‌ಮೇಕರಿನಲ್ಲಿ, ಹಳೆಯ ಫಾಂಟುಗಳಲ್ಲಿ. ಕಾರ್ಯದರ್ಶಿ ಬದಲಾದಾಗ ಲೆಕ್ಕದ ಪುಸ್ತಕ ಕೈ ಬದಲಾಗುತ್ತದೆ, ಡಿಸ್ಕಿನ ನಕಲು ಮಾಡಿಕೊಳ್ಳೋಣ ಎಂದು ಸಭೆಯಲ್ಲಿ ಯಾರಾದರೂ ಎದ್ದು ಹೇಳಿದ್ದನ್ನು ನಾನು ಕೇಳಿಲ್ಲ. ಪಿಡಿಎಫ್ ಮಾತ್ರ ಉಳಿಸಿದರೆ ಸಾಲದು, ಆ ಫಾಂಟ್ ಫೈಲುಗಳನ್ನೂ ಜೊತೆಗಿಡಿ. ಇಲ್ಲದಿದ್ದರೆ ಮೂಲ ಕಡತ ತೆರೆದಾಗ ಕನ್ನಡದ ಬದಲು ಗೀಚುಗೀಚು ಕಾಣುತ್ತದೆ.

ನಕಲು ಮಾಡುವ ಮೊದಲೇ ಡಿಸ್ಕ್ ಪೂರ್ತಿ ಕಣ್ಣು ಮುಚ್ಚಿದರೆ ಗ್ರ್ಯಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋಗುವುದು ರೂಢಿ. ಕಾಗದದಲ್ಲಿ ಡಾ. ಭಡಕಮಕರ್ ಮಾರ್ಗವಾಗಿ ಎಷ್ಟೋ ವರ್ಷವಾದರೂ ಜನರ ಬಾಯಲ್ಲಿ ಅದಿನ್ನೂ ಹಳೆಯ ಗವರ್ನರನ ಹೆಸರಿನ ರಸ್ತೆಯೇ. ಭಾನುವಾರ ಹೋಗಬೇಡಿ, ಅಂಗಡಿಗಳು ಮುಚ್ಚಿರುತ್ತವೆ. ಹೊಸ ಡಿಸ್ಕ್ ಕೊಳ್ಳಲು, ಹಾಕಿಸಿಕೊಳ್ಳಲು ಅದು ಒಳ್ಳೆಯ ಜಾಗ. ಒಳಗಿನ ಮಾಹಿತಿ ಬೇಕೆಂದಾದರೆ ಮಾತ್ರ, ಕೌಂಟರಿನ ಮೇಲೆಯೇ ಸ್ಕ್ರೂ ಬಿಚ್ಚಿ ಡಿಸ್ಕಿನ ಮುಚ್ಚಳ ತೆರೆಯಹೊರಟವರ ಕೈಯಿಂದ ಅದನ್ನು ಕಸಿದುಕೊಂಡು ಬನ್ನಿ. ನ್ಯಾನೋಮೀಟರಿನ ಸಂದಿಯಲ್ಲಿ ಒಂದು ಧೂಳಿನ ಕಣ ಬಿದ್ದರೆ ಕಥೆ ಮುಗಿಯಿತು. ಧೂಳಿಲ್ಲದ ಕ್ಲೀನ್ ರೂಮಿನಲ್ಲಿ ಆ ಕೆಲಸ ಮಾಡುವವರು ಈ ನಗರದಲ್ಲೇ ಇದ್ದಾರೆ, ದುಬಾರಿ. ಎಷ್ಟು ತೆಗೆಯಲಾಯಿತು ಎಂಬುದರ ಮೇಲೆ ಹಣ ಕೇಳುವವರನ್ನು ಹುಡುಕಿ. ಡಿಸ್ಕನ್ನು ಫ್ರಿಜ್ಜಿನಲ್ಲಿಟ್ಟು ತೆಗೆದರೆ ಓಡುತ್ತದೆ ಎಂಬ ಹಳೆಯ ಮನೆಮದ್ದನ್ನು ನಮ್ಮ ಊರಿನ ಸೆಕೆಯಲ್ಲಂತೂ ಮಾಡಲೇಬೇಡಿ. ಹೊರತೆಗೆದ ಕ್ಷಣದಲ್ಲೇ ನೀರು ಪಸೆಯುತ್ತದೆ. ನೆರೆಯಲ್ಲಿ ನೆನೆದ ಡಿಸ್ಕಿಗೂ ಅಷ್ಟೇ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಸುರಿದ ಮಳೆ ನೆನಪಿರುವವರಿಗೆ ನೆಲಮಹಡಿಯ ಪಾಡು ಗೊತ್ತು. ಹಾಗೆ ನೆನೆದ ಡಿಸ್ಕಿಗೆ ಹೇರ್ ಡ್ರೈಯರ್ ಹಿಡಿಯಬೇಡಿ, ಆನ್ ಮಾಡಿ ನೋಡಬೇಡಿ. ಒಣಗಿದರೆ ಕೆಸರು ತಟ್ಟೆಗೆ ಕಚ್ಚಿಕೊಳ್ಳುತ್ತದೆ. ಒದ್ದೆಯಿರುವಾಗಲೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಬಲ್ಲವರಿಗೆ ಒಪ್ಪಿಸಿ.

'ಎಸ್‌ಎಸ್‌ಡಿ ಹಾಕಿಸಿಕೊಂಡಿದ್ದೇನೆ, ನನಗೆ ಈ ರಗಳೆ ಇಲ್ಲ' ಎನ್ನುವವರಿದ್ದಾರೆ. ಹಳೆಯ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹಾಕಿಸುವುದು ಅತ್ಯುತ್ತಮ ಖರ್ಚು, ಲೋಕಲ್ಲಿನ ಗುದ್ದಿಗೂ ಅದು ಜಗ್ಗುವುದಿಲ್ಲ. ಸಾಯುವಾಗ ಮಾತ್ರ ಅದಕ್ಕೆ ಸದ್ದೂ ಇಲ್ಲ, ತೊದಲೂ ಇಲ್ಲ. ಅದೃಷ್ಟವಿದ್ದರೆ ಬರೆಯಲು ಬಿಡದೆ ಓದಲು ಮಾತ್ರ ಬಿಡುವ ಸ್ಥಿತಿಗೆ ಹೋಗುತ್ತದೆ, ಇಲ್ಲದಿದ್ದರೆ ಒಂದು ಬೆಳಿಗ್ಗೆ ಯಂತ್ರಕ್ಕೆ ಅದು ಕಾಣಿಸುವುದೇ ಇಲ್ಲ. ಜೊತೆಗೊಂದು ಹೊಸ ತಲೆನೋವು: ಇತ್ತೀಚಿನ ವಿಂಡೋಸ್ 11 ಲ್ಯಾಪ್‌ಟಾಪುಗಳಲ್ಲಿ ಅನೇಕವು ನಿಮಗೆ ಹೇಳದೆಯೇ ಡಿಸ್ಕಿಗೆ ಬೀಗ ಹಾಕಿರುತ್ತವೆ. ಮದರ್‌ಬೋರ್ಡ್ ಹೋದರೆ ಡಿಸ್ಕ್ ಬಿಚ್ಚಿ ಬೇರೆ ಯಂತ್ರಕ್ಕೆ ಸಿಕ್ಕಿಸಿ ಓದಿಕೊಳ್ಳೋಣವೆಂದರೆ 48 ಅಂಕಿಗಳ ಕೀಲಿಸಂಖ್ಯೆ ಕೇಳುತ್ತದೆ. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಲ್ಯಾಪ್‌ಟಾಪ್ ನೆಟ್ಟಗಿರುವಾಗಲೇ ಅದನ್ನು ಕಾಗದದ ಮೇಲೆ ಇಳಿಸಿಡಿ. ಮಗ ಮಾಡಿಕೊಟ್ಟ ಖಾತೆ, ಪಾಸ್‌ವರ್ಡ್ ಅವನಿಗೇ ಗೊತ್ತು ಎನ್ನುವ ಮನೆಗಳಲ್ಲಂತೂ ತಡಮಾಡಬೇಡಿ.

ಬಿಚ್ಚಿ ತೆಗೆದ ಹಳೆಯ ಡಿಸ್ಕನ್ನು ಭಂಗಾರ್‌ವಾಲಾನಿಗೆ ತೂಕಕ್ಕೆ ಹಾಕುವವರಿಗೆ ಕೊನೆಯದಾಗಿ ಇಷ್ಟು. ಫಾರ್ಮ್ಯಾಟ್ ಮಾಡಿಯೇ ಕೊಟ್ಟೆ ಎನ್ನುತ್ತೀರಿ. 05ರ ಸಾಲಿನಲ್ಲಿ ಸ್ಥಳಾಂತರವಾದ ಸೆಕ್ಟರುಗಳಿದ್ದವಲ್ಲ, ಆ ಹಳೆಯ ಜಾಗಗಳನ್ನು ಸಾಮಾನ್ಯ ಫಾರ್ಮ್ಯಾಟ್ ಮುಟ್ಟುವುದೇ ಇಲ್ಲ. ಅಲ್ಲಿದ್ದದ್ದು ಅಲ್ಲೇ ಇರುತ್ತದೆ, ಅದು ಪ್ಯಾನ್ ಕಾರ್ಡಿನ ಸ್ಕ್ಯಾನಿನ ತುಂಡೂ ಇರಬಹುದು. ಲ್ಯಾಪ್‌ಟಾಪಿನ ಪುಟ್ಟ ಡಿಸ್ಕುಗಳ ತಟ್ಟೆ ಬಹುಮಟ್ಟಿಗೆ ಗಾಜಿನದು. ದಪ್ಪ ಟವೆಲಿನಲ್ಲಿ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಸುತ್ತಿಗೆಯಿಂದ ನಾಲ್ಕು ಬಲವಾದ ಏಟು ಕೊಡಿ. ಅಲುಗಾಡಿಸಿದಾಗ ಒಳಗೆ ಗಾಜು ಗಲಗಲ ಎಂದರೆ ಸಾಕು, ಇ-ವೇಸ್ಟ್ ಸಂಗ್ರಹಿಸುವವರಿಗೆ ಕೊಟ್ಟುಬಿಡಿ.